ಎರಡು ಬೆರಳು ಜಾಸ್ತಿ

ನನ್ನದೇ ಬೆಲ್ಟು ನನ್ನ ಕುತ್ತಿಗೆಗೆ ಬಿದ್ದಿತ್ತು!

ಏರ್‌ಪೋರ್ಟಿನ ಸೆಕ್ಯೂರಿಟಿಯಲ್ಲಿ ಬೆಲ್ಟು ಬಿಚ್ಚಿಸುತ್ತಾರಲ್ಲ... ಅದನ್ನು ಅಲ್ಲೇ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು ಟಾಯ್ಲೆಟ್ಟಿಗೆ ಹೋಗಿದ್ದೆ. ಕನ್ನಡಿಯ ಮುಂದೆ ನಿಂತು ಪ್ಯಾಂಟಿಗೆ ಸಿಕ್ಕಿಸುವಷ್ಟರಲ್ಲಿ ಹಿಂದಿನಿಂದ ಯಾರೋ ಕಿತ್ತುಕೊಂಡರು.

ಒಂದೇ ಸುತ್ತು. ಬಲವಾಗಿ ಎಳೆದರು.

ಕನ್ನಡಿಯಲ್ಲಿ ಮುಖ ಕಾಣಿಸಿತು. ಬಾಯಲ್ಲಿ ಹಲ್ಲುಕಡ್ಡಿ. ನಿನ್ನೆಯಿಂದ ನಮ್ಮ ಬೆನ್ನು ಬಿದ್ದಿದ್ದವನು ಇವನೇ!

“ಪೆಟ್ಟಿಗೆ ಬಿಟ್ಟು ಮನೆಗೆ ಹೋಗು. ಆ ಹೆಂಗಸಿಗೂ ಹೇಳು.”

“ಉಸಿರು... ಬಿಡು... ಹೇಳ್ತೀನಿ...”

ಸ್ವಲ್ಪ ಸಡಿಲಿಸಿದ. ನನಗೆ ಅಷ್ಟು ಸಾಕಿತ್ತು. ಹಿಮ್ಮಡಿಯಿಂದ ಅವನ ಕಾಲ್ಬೆರಳು ಜಜ್ಜಿದೆ. ಗೋಡೆಯ ಡಬ್ಬಿಯಿಂದ ಕೈತುಂಬ ಸೋಪು ಒತ್ತಿ ಅವನ ಕಣ್ಣಿಗೆ ಬಳಿದೆ. ಅವನು “ಅಯ್ಯೋ” ಅನ್ನುವಷ್ಟರಲ್ಲಿ ನಾನು ಹೊರಗಿದ್ದೆ.

ಓಡಿದೆ! ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಓಡಿದೆ. ನಗಬೇಡಿ. ಬೆಲ್ಟು ಅವನ ಹತ್ತಿರವೇ ಉಳಿದಿತ್ತು. ಹಿಂದೆ ಅವನ ಬೂಟಿನ ಸದ್ದು. ಸಾಲುಗಟ್ಟಿದ ಟ್ರಾಲಿಗಳನ್ನು ಅವನ ದಾರಿಗೆ ತಳ್ಳಿ, ಚಲಿಸುವ ಮೆಟ್ಟಿಲಿನಲ್ಲಿ ನಿಂತವರನ್ನು ಸರಿಸಿಕೊಂಡು ಕೆಳಗಿಳಿದೆ.

ಗೇಟಿನ ಹತ್ತಿರ ಟೈಲರಮ್ಮ ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದಳು.

ವಕೀಲರು ನನಗೆ ಒಪ್ಪಿಸಿದ್ದ ಕೆಲಸ ಇಷ್ಟೇ: ಅವಳನ್ನೂ ಆ ಪೆಟ್ಟಿಗೆಯನ್ನೂ ಬೇರೆ ಊರಿನ ಕೋರ್ಟಿಗೆ ಮುಟ್ಟಿಸುವುದು. ನಾಳೆ ಬೆಳಗ್ಗೆ ಕೇಸು. ಟೈಲರಮ್ಮ ಬಟ್ಟೆ ಹೊಲಿದು ಬದುಕುವವಳು. ನಾಲ್ಕು ವರ್ಷದ ಮಗಳಿಗೆ ಕೆಮ್ಮು ಅಂತ ಎರಡು ಬಾಟಲಿ ಸಿರಪ್ ತಂದಿದ್ದಳು. ಮೊದಲನೇ ಬಾಟಲಿ ಮುಗಿಯುವ ಮುಂಚೆಯೇ ಮಗು ಮುಗಿಯಿತು. ಕಂಪನಿಯವರು ಅಂಗಡಿ ಅಂಗಡಿ ಸುತ್ತಿ ಆ ಸರಕನ್ನೆಲ್ಲ ವಾಪಸ್ ಪಡೆದು ಚರಂಡಿಗೆ ಸುರಿದರು. ಉಳಿದದ್ದು ಅವಳ ಮನೆಯಲ್ಲಿದ್ದ, ಮುಚ್ಚಳ ತೆಗೆಯದ ಎರಡನೇ ಬಾಟಲಿ ಒಂದೇ. ಅದನ್ನು ಜಡ್ಜ್ ಎದುರಿಗೇ ತೆರೆಯಬೇಕು. ಅದಕ್ಕೂ ಮುಂಚೆ ಸೀಲ್ ಒಡೆದರೆ ಕೇಸು ನೆಲಕಚ್ಚಿದ ಹಾಗೆ.

ನಮ್ಮೂರ ಕೋರ್ಟಿನ ಗುಮಾಸ್ತನದು ಅತಿ ಜಾಗ್ರತೆ. ಅಂಗೈಯಷ್ಟು ಬಾಟಲಿಗೆ ಥರ್ಮಾಕೋಲ್ ಸುತ್ತಿ, ಮಿಕ್ಸಿ ಹಿಡಿಸುವಂಥ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಟ್ಟೆ ಹೊಲಿಸಿ, ಮೂಲೆ ಮೂಲೆಗೂ ಅರಗಿನ ಮುದ್ರೆ ಒತ್ತಿದ್ದ!

“ಏನಾಯ್ತಣ್ಣ? ಕುತ್ತಿಗೆ ಕೆಂಪಾಗಿದೆ...”

“ಏನಿಲ್ಲಮ್ಮ. ಎದ್ದೇಳಿ.”

ದೂರು ಕೊಡಬಹುದಿತ್ತು. ಕೊಟ್ಟರೆ ವಿಚಾರಣೆ, ಹೇಳಿಕೆ, ಸಹಿ... ಫ್ಲೈಟ್ ಕೈಬಿಡುತ್ತಿತ್ತು. ಕಾರಿನಲ್ಲಿ ಹೊರಟರೆ ಕಂಪನಿಯ ಕೈಯಾಳುಗಳು ದಾರಿಯಲ್ಲೇ ಮುಗಿಸುತ್ತಾರೆ ಅಂತ ಹೆದರಿ ವಿಮಾನ ಹಿಡಿಯಲು ಬಂದವರು ನಾವು.

“ಮೊದಲನೇ ಜೋನ್‌ನವರು ಮಾತ್ರ ಬನ್ನಿ!” ಗೇಟಿನ ಹುಡುಗಿ ಕೂಗಿದಳು.

ಹಲ್ಲುಕಡ್ಡಿ ಬಂದ. ಕಣ್ಣು ಕೆಂಡವಾಗಿತ್ತು. ಅವನದು ಮೊದಲನೇ ಜೋನ್, ಮೊದಲು ಹತ್ತುವವರ ಸಾಲು! ನಮ್ಮದು ಕಟ್ಟಕಡೆಯದು. ಅಗ್ಗದ ಟಿಕೆಟ್ ತೆಗೆದ ಪುಣ್ಯಾತ್ಮ ನಾನೇ.

ಅವನು ನನ್ನ ಕಡೆ ತಿರುಗಲೂ ಇಲ್ಲ. ಕೌಂಟರಿನ ಮೇಲೆ ಮೊಣಕೈ ಊರಿದ.

“ಮೇಡಂ, ನಾವೆಲ್ಲ ಅಳತೆ ನೋಡಿ ಬ್ಯಾಗ್ ತರ್ತೀವಿ. ಆ ಅಮ್ಮನ ಪೆಟ್ಟಿಗೆ ನೋಡಿ. ಎಲ್ಲರಿಗೂ ಒಂದೇ ರೂಲ್ಸ್ ತಾನೇ?”

ಹುಡುಗಿ ನೋಡಿದಳು. ಹಿಂದಿದ್ದವರೂ ಗೊಣಗಿದರು. “ಅಮ್ಮಾ, ಅದನ್ನ ಇಲ್ಲಿಡಿ.”

ಬ್ಯಾಗ್ ಅಳೆಯುವ ಕಬ್ಬಿಣದ ಚೌಕಟ್ಟು. ಟೈಲರಮ್ಮ ಪೆಟ್ಟಿಗೆ ಇಡುವ ಮುಂಚೆಯೇ ಕಣ್ಣಲ್ಲೇ ಅಳೆದುಬಿಟ್ಟಳು.

“ಎರಡು ಬೆರಳು ಜಾಸ್ತಿ ಇದೆ ಅಣ್ಣಾ...”

ಸರಿಯಾಗಿ ಎರಡು ಬೆರಳು! ಪೆಟ್ಟಿಗೆ ಚೌಕಟ್ಟಿನ ಮೇಲೆಯೇ ಕೂತಿತು.

ಕೋರ್ಟಿನ ಪತ್ರ ತೆಗೆದು ಕೊಟ್ಟೆ. ಹುಡುಗಿ ಓದಿದಳು.

“ಸೀಲ್ ಬಿಚ್ಚಬಾರದು ಅಂತಿದೆ ಸಾರ್. ನಾವು ಬಿಚ್ಚಲ್ಲ. ಆದ್ರೆ ಸೀಟಿನ ಹತ್ತಿರವೇ ಇಡಬೇಕು ಅಂತ ಎಲ್ಲಿದೆ? ಕೆಳಗೆ ಲಗೇಜಿಗೆ ಹೋಗತ್ತೆ. ಅಲ್ಲಿ ಇಳಿದ ಮೇಲೆ ಲಗೇಜ್ ಬರೋ ಬೆಲ್ಟಿನಲ್ಲಿ ತಗೊಳ್ಳಿ.”

ಟ್ಯಾಗ್ ಬಿತ್ತು. ಲೋಡರ್ ಪೆಟ್ಟಿಗೆ ಎತ್ತಿಕೊಂಡು ಕೆಳಗಿಳಿದ. ಅಷ್ಟರೊಳಗೆ ಹಲ್ಲುಕಡ್ಡಿ ಫೋನ್ ಚಾಚಿ ಟ್ಯಾಗಿನ ಫೋಟೋ ಹೊಡೆದಿದ್ದ! ನನ್ನ ಪಕ್ಕದಲ್ಲೇ ನಿಂತು, ನನಗೆ ಕೇಳಲಿ ಅಂತಲೇ ಫೋನಿನಲ್ಲಿ ಮಾತಾಡಿದ.

“ನಂಬರ್ ಕಳಿಸಿದೀನಿ. ಅಲ್ಲಿ ಇಳಿಸುವಾಗಲೇ ಎತ್ಕೋ. ಬೆಲ್ಟಿಗೆ ಬರಕೂಡದು.”

ಕಣ್ಣು ಹೊಡೆದು ವಿಮಾನದ ಕಡೆ ನಡೆದ.

ನನಗೆ ಮೈ ಉರಿಯಿತು. ಹೇಳಿದರೆ ಯಾರು ನಂಬುತ್ತಾರೆ? ಬೆಲ್ಟಿಲ್ಲದ ಪ್ಯಾಂಟು ಹಿಡಿದು ನಿಂತ ನನ್ನನ್ನೇ ಹುಡುಗಿ ಅನುಮಾನದಿಂದ ನೋಡುತ್ತಿದ್ದಳು. ಒಂದೊಂದೇ ಜೋನ್ ಖಾಲಿಯಾಯಿತು. ನಮ್ಮ ಸರದಿಯೂ ಬಂತು. ಬೋರ್ಡಿಂಗ್ ಪಾಸ್ ಚಾಚಿದವನು ಹಿಂದಕ್ಕೆ ಎಳೆದುಕೊಂಡೆ.

“ಅಮ್ಮಾ, ಕೂತ್ಕೊಳ್ಳಿ.”

“ಕೂತ್ಕೊಳ್ಳೋದಾ? ಪ್ಲೇನು ಹೊರಡತ್ತೆ!”

“ಹೊರಡಲ್ಲ. ಲಗೇಜ್ ಒಳಗಿದ್ದು, ಅದರ ಯಜಮಾನರು ಹತ್ತದಿದ್ರೆ, ಅದನ್ನ ಇಳಿಸದೆ ಹೊರಡೋ ಹಾಗಿಲ್ಲ. ಒಳಗೆ ಏನಿಟ್ಟಿದಾರೋ ಅನ್ನೋ ಭಯ. ಅದೂ ರೂಲ್ಸೇ.”

“ಹೊರಟುಬಿಟ್ರೆ?”

ನಾನು ಗಾಜಿನಾಚೆ ನಿಂತ ವಿಮಾನದ ಕಡೆ ನೋಡಿದೆ.

“ನನ್ನ ಮಗಳ ಪರವಾಗಿ ಸಾಕ್ಷಿ ಹೇಳೋದು ಅದೊಂದೇ ಅಣ್ಣಾ!” ಆದರೂ ಕೂತಳು. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ಕೂತಳು.

ಕೊನೆಯ ಕರೆ ಬಂತು. ಟೈ ಕಟ್ಟಿದ ಸೂಪರ್‌ವೈಸರ್ ಓಡಿ ಬಂದ.

“ಬನ್ನಿ ಸಾರ್, ಬಾಗಿಲು ಹಾಕ್ತಿದಾರೆ!”

“ಬರಲ್ಲ.”

“ಏನು ಹುಡುಗಾಟ ಇದು?”

“ಮನಸ್ಸು ಬದಲಾಯ್ತು. ಇಬ್ಬರೂ ಬರಲ್ಲ. ನಮ್ಮ ಪೆಟ್ಟಿಗೆ ಇಳಿಸಿಕೊಡಿ.”

“ಅದು ಹೋಗತ್ತೆ. ನಾಳೆ ತರಿಸಿಕೊಳ್ಳಿ!”

ಟೈಲರಮ್ಮ ನನ್ನ ತೋಳು ಹಿಡಿದಳು.

“ಹಾಗಂತ ಬರೆದು ಕೊಡಿ,” ಅಂದೆ. “ಯಜಮಾನರಿಲ್ಲದ ಪೆಟ್ಟಿಗೆ ಹಾರಿಸ್ತೀನಿ ಅಂತ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ.”

ಅವನು ನನ್ನನ್ನು ದುರುಗುಟ್ಟಿ ನೋಡಿದ. ಹಲ್ಲು ಕಡಿದ. ಆಮೇಲೆ ವಾಕಿಟಾಕಿ ಎತ್ತಿದ.

“ಎರಡು ಪ್ಯಾಸೆಂಜರ್ ಬರ್ತಿಲ್ಲ. ಒಂದು ಲಗೇಜ್ ಆಫ್‌ಲೋಡ್ ಮಾಡಿ.”

ವಿಮಾನದೊಳಗೂ ಅದನ್ನೇ ಮೈಕಿನಲ್ಲಿ ಹೇಳಿರಬೇಕು. ಯಾಕೆಂದರೆ, ಆ ಕಡೆಯ ಸುರಂಗದಂಥ ದಾರಿಯಲ್ಲಿ ದಡದಡ ಸದ್ದು... ಹಲ್ಲುಕಡ್ಡಿ!

ತಡೆಯಲು ಬಂದ ಹುಡುಗಿಯನ್ನು ತಳ್ಳಿದ. ನೇರವಾಗಿ ಬಂದು ಟೈಲರಮ್ಮನ ಕೈ ಹಿಡಿದೆಳೆದ.

“ಏಳು! ಹತ್ತು! ಯಾಕೆ ಹತ್ತಲ್ಲ ನೀನು?”

ಮನೆಗೆ ಹೋಗು ಅಂತ ಕುತ್ತಿಗೆ ಬಿಗಿದವನು ಈಗ ವಿಮಾನ ಹತ್ತು ಅಂತ ಗೋಗರೆಯುತ್ತಿದ್ದ!

“ಈ ಕೈಯಿಂದಲೇ ನನ್ನ ಮಗಳಿಗೆ ನಿಮ್ಮ ಔಷಧಿ ಕುಡಿಸಿದ್ದು,” ಅಂದಳು ಟೈಲರಮ್ಮ. “ಮುಟ್ಟಬೇಡ!”

ಅದೇ ಕೈಯಿಂದ ಕೆನ್ನೆಗೆ ಒಂದು ಬಾರಿಸಿದಳು. ಕಡ್ಡಿ ಹಾರಿತು. ಮಿಕ್ಕದ್ದನ್ನು ನಾನು ಕೊಟ್ಟೆ. ಸೊಂಟಕ್ಕೆ ಒಂದು, ದವಡೆಗೆ ಒಂದು. ಪ್ಯಾಂಟು ಜಾರುವ ಮುಂಚೆ ಮೂರನೆಯದಕ್ಕೆ ಸಮಯ ಸಾಲಲಿಲ್ಲ.

ಗಾರ್ಡ್‌ಗಳು ಬಂದು ಅವನನ್ನು ಅಮುಕಿ ಹಿಡಿದರು.

“ಅವರು ಹತ್ತದಿದ್ರೆ ನಿಮಗೇನ್ರೀ?” ಸೂಪರ್‌ವೈಸರ್ ಕೇಳಿದ.

ಹಲ್ಲುಕಡ್ಡಿ ನೆಲದ ಕಡೆ ಕೈ ಚಾಚಿದ. ಕೆಳಗೆ ಬಿದ್ದ ಫೋನನ್ನು ಗಾರ್ಡ್ ಎತ್ತಿಕೊಂಡ. ಪರದೆಯ ಮೇಲೆ ಇನ್ನೂ ನಮ್ಮ ಟ್ಯಾಗಿನ ಫೋಟೋ ಇತ್ತು. ಈಗ ನಾನು ಬಾಯಿ ಬಿಟ್ಟೆ. ಈಗ ಎಲ್ಲರೂ ಕಿವಿಗೊಟ್ಟು ಕೇಳಿದರು!

ಲೋಡರ್ ಬೆವರು ಒರೆಸಿಕೊಳ್ಳುತ್ತ ಪೆಟ್ಟಿಗೆ ತಂದಿಟ್ಟ. ಟೈಲರಮ್ಮ ಮಂಡಿಯೂರಿ ಒಂದೊಂದೇ ಮುದ್ರೆಯ ಮೇಲೆ ಬೆರಳಾಡಿಸಿದಳು. ಹೊಲಿಗೆ ನೋಡಿದಳು. ಎಲ್ಲೂ ಬಿರುಕಿಲ್ಲ. ಆಗ ಅತ್ತಳು.

“ಎರಡು ಬೆರಳಿಗೆ ಇಷ್ಟು ಜನ ಅಳೆದು ನೋಡಿದ್ರು ಅಣ್ಣಾ,” ಅಂದಳು ಕಣ್ಣೊರೆಸಿಕೊಂಡು. “ಆ ಸಿರಪ್ ಅಂಗಡಿಗೆ ಬರೋ ಮುಂಚೆ ಒಬ್ಬರಾದ್ರೂ ನೋಡಿದ್ರೆ...”

ವಿಮಾನ ಹೊರಟುಹೋಯಿತು. ಇನ್ನೊಂದು ನಾಳೆ ಸಂಜೆಗೆ. ಆದರೆ ಕಂಪನಿಯ ಕೈಯಾಳುಗಳೆಲ್ಲ ಈಗ ಆ ಊರಿನ ಏರ್‌ಪೋರ್ಟಿನಲ್ಲಿ ಕಾಯುತ್ತಿದ್ದರು. ರಸ್ತೆ ಖಾಲಿ! ಹೇಳಿಕೆ ಗೀಚಿ ಸಹಿ ಹಾಕಿ, ಹೊರಗೆ ಬಂದು ಕೋರ್ಟಿನ ಊರಿಗೇ ಟ್ಯಾಕ್ಸಿ ಹಿಡಿದೆ.

“ಪೆಟ್ಟಿಗೆ ಡಿಕ್ಕಿಗೆ ಹಾಕ್ಲಾ ಮೇಡಂ?” ಡ್ರೈವರ್ ಕೇಳಿದ.

“ಬೇಡ.” ಟೈಲರಮ್ಮ ತೊಡೆಯ ಮೇಲಿಟ್ಟುಕೊಂಡಳು.

“ಅಷ್ಟು ಜೋಪಾನ ಮಾಡ್ತಿದೀರಲ್ಲ, ಒಳಗೇನು ಚಿನ್ನನಾ?”

“ಕೆಮ್ಮಿನ ಔಷಧಿ.”

ಡ್ರೈವರ್ ಸ್ಟೇರಿಂಗ್ ತಟ್ಟಿ ತಟ್ಟಿ ನಕ್ಕ.

“ಗೇರ್ ಹಾಕಪ್ಪ,” ಅಂದೆ. “ನಗೋದು ತೀರ್ಪು ಬಂದಮೇಲೆ!”