ಮೂಟೆಯೊಳಗಿನ ಬೆಳಕು

ಬಲಗೈಗೆ ಮೊಣಕೈವರೆಗೂ ಬಿಳಿ ಬಟ್ಟೆ ಸುತ್ತಿಕೊಂಡು ಬಂದ ಹೆಂಗಸು, ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಕೈ ಹೋಯ್ತು, ಹೋಗ್ಲಿ. ತಪ್ಪೂ ನಂದೇ ಅಂತ ಕೆಲಸದಿಂದ ತೆಗೀತಾರಂತೆ. ಮಕ್ಕಳ ತಟ್ಟೆಗೆ ಏನು ಹಾಕ್ಲಿ, ನೀವೇ ಹೇಳಿ ದೊಡ್ಡಮ್ಮ."

ದೊಡ್ಡಮ್ಮ ಪೊಲೀಸ್ ಕೆಲಸ ಮುಗಿಸಿ ಮನೆ ಸೇರಿ ಬಹಳ ಕಾಲವಾಗಿತ್ತು. ಆದರೂ ಬೀದಿಯಲ್ಲಿ ಒಂದು ಚೊಂಬು ಕಳೆದರೂ ಜನ ಮೊದಲು ತಟ್ಟುತ್ತಿದ್ದದ್ದು ಆಕೆಯ ಬಾಗಿಲನ್ನೇ. ಆಕೆಯ ತಂಗಿಯ ಮಗ ಗೋಡೆಗೆ ಒರಗಿ ಹಲ್ಲು ಕಡಿಯುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಅವನನ್ನು ಎಲ್ಲರೂ ಸಿಡುಕ ಎನ್ನುತ್ತಿದ್ದರು. ಗಾಯಗೊಂಡವಳನ್ನು ಆಸ್ಪತ್ರೆಗೆ ಹೊತ್ತೊಯ್ದವನು ಅವನು. ಅವಳ ಕೈ ಸುಟ್ಟ ಮೂಟೆಯನ್ನು ಕ್ಲಿನಿಕ್ಕಿನಿಂದ ವ್ಯಾನಿನಲ್ಲಿ ತಂದು ಶೆಡ್ಡಿಗೆ ಇಳಿಸಿದವನೂ ಅವನೇ. ಅದೇ ಅವನ ಎದೆಯಲ್ಲಿ ಮುಳ್ಳಾಗಿತ್ತು.

ತೋಳಿಗೆ ಅಂಟಿಸುವ ಸಕ್ಕರೆ ಅಳೆಯುವ ಬಿಲ್ಲೆ, ಎದೆಬಡಿತ ನೋಡುವ ಪಟ್ಟಿ, ಸೊಂಟಕ್ಕೆ ಕಟ್ಟುವ ಇನ್ಸುಲಿನ್ ಪಂಪು: ರೋಗಿಗಳು ಬಳಸಿ ಬಿಟ್ಟ ಇಂಥವನ್ನೆಲ್ಲ ಬಿಡಿಸಿ, ಮತ್ತೆ ಬಳಕೆಗೆ ಬರುವುದನ್ನು ಬೇರೆ ಮಾಡುವ ಶೆಡ್ಡು ಅದು. ಬ್ಯಾಟರಿ ಇದ್ದ ವಸ್ತುವನ್ನು ಕ್ಲಿನಿಕ್ಕಿನವರೇ ಚಾರ್ಜ್ ಪೂರ್ತಿ ಇಳಿಸಿ ಕೆಂಪು ಪೆಟ್ಟಿಗೆಗೆ ಹಾಕಬೇಕು. ಆ ಪೆಟ್ಟಿಗೆ ತೆರೆಯುವವನು ಶೆಡ್ಡಿನ ಯಜಮಾನ ಮಾತ್ರ. ಬರೀ ಪ್ಲಾಸ್ಟಿಕ್ ಮೂಟೆಗೆ ಹೋಗಿ, ಪ್ರೆಸ್ಸಿನ ಕೆಳಗೆ ಚಪ್ಪಟೆಯಾಗುತ್ತಿತ್ತು. ಆ ದಿನ ಮೂಟೆಯಲ್ಲಿದ್ದ ಯಾವುದೋ ಒಂದು ಪ್ರೆಸ್ಸಿನಡಿ ಸಿಡಿದು ಬೆಂಕಿ ಎದ್ದಿತ್ತು.

"ಕ್ಲಿನಿಕ್ಕಿನ ಸಿಸ್ಟರ್ ಒಂದೊಂದನ್ನೂ ನೋಡಿ ಮೂಟೆ ಕಟ್ತಾರೆ," ಎಂದ ಸಿಡುಕ. "ತಪ್ಪು ಅಲ್ಲಿಂದ ಬಂದದ್ದಲ್ಲ. ಆ ಯಜಮಾನನ ಕತ್ತಿನ ಪಟ್ಟಿ ಹಿಡಿದು ಕೇಳ್ತೀನಿ."

"ಕತ್ತಿನ ಪಟ್ಟಿ ಎಲ್ಲಿಗೂ ಓಡಿಹೋಗಲ್ಲ. ವ್ಯಾನು ಎಲ್ಲೆಲ್ಲಿ ನಿಲ್ಲಿಸಿದ್ದೆ, ಹೇಳು," ಎಂದಳು ದೊಡ್ಡಮ್ಮ.

ಎಲ್ಲೂ ಇಲ್ಲ ಎಂದವನು ತಲೆ ಕೆರೆದುಕೊಂಡ. ಶೆಡ್ಡಿನ ಬೀಗದಕೈಗೆಂದು ಪಕ್ಕದಲ್ಲೇ ಇರುವ ಯಜಮಾನನ ಮನೆ ಮುಂದೆ ದಿನಾ ನಿಲ್ಲಿಸುತ್ತಿದ್ದ. ಯಜಮಾನ್ತಿ ನೀರಿನ ಲೋಟವನ್ನು ಗೇಟಿಗೇ ತಂದುಕೊಡುತ್ತಿದ್ದರು. ಆ ದಿನ ಮಾತ್ರ ಗೇಟಿನಲ್ಲೇ ನಿಂತು, ಒಳಗೆ ಹೋಗಿ ಕುಡಿ ಎಂದಿದ್ದರು. ಒಳಗೆ ಯಜಮಾನ ಬೀರುವಿನ ಸಾಮಾನನ್ನೆಲ್ಲ ಕಿತ್ತುಹಾಕಿ ಏನನ್ನೋ ಹುಡುಕುತ್ತ ಕೂಗಾಡುತ್ತಿದ್ದ. ಏನು ಕಳೆಯಿತು ಎಂದರೆ ಬಾಯಿ ಬಿಡಲಿಲ್ಲ. ಸಕ್ಕರೆ ಕಾಯಿಲೆಯಿದ್ದ ಒಬ್ಬಳೇ ಮಗಳು ಕಳೆದ ವರ್ಷ ನಿದ್ದೆಯಲ್ಲೇ ಹೋದಮೇಲೆ ಆ ಮನೆಯಲ್ಲಿ ಜೋರು ದನಿ ಕೇಳಿದ್ದು ಅದೇ ಮೊದಲು.

ದೊಡ್ಡಮ್ಮ ಶೆಡ್ಡಿಗೆ ಹೋಗಿ ಪ್ರೆಸ್ಸಿನ ತಟ್ಟೆಯ ಮೇಲೆ ಬೆರಳಾಡಿಸಿದಳು. ದಪ್ಪ ಉಕ್ಕು ಬೆಂಕಿಯ ಶಾಖಕ್ಕೆ ನೀಲಿಗಟ್ಟಿತ್ತು. ಮೂಲೆಯಲ್ಲಿ ಕರಗಿದ ಕರಿ ಮುದ್ದೆಯೊಂದು ಬಿದ್ದಿತ್ತು.

"ಚಾರ್ಜ್ ಇಳಿದ ಬ್ಯಾಟರಿ ಹೀಗೆ ಉರಿಯುತ್ತೇನೋ?"

"ಇಲ್ಲ ದೊಡ್ಡಮ್ಮ. ಬುಸ್ ಅಂದು ಸುಮ್ಮನಾಗುತ್ತೆ. ಇದು ತುಂಬಿದ್ದೇ."

"ಎಸೆಯೋ ವಸ್ತುವಿಗೆ ಯಾರಪ್ಪ ಚಾರ್ಜ್ ಹಾಕ್ತಾರೆ?"

ಸಿಡುಕ ಬಗ್ಗಿ ಮುದ್ದೆಯನ್ನು ತಿರುಗಿಸಿ ನೋಡಿದ.

ಮರುದಿನ ದೊಡ್ಡಮ್ಮ ಯಜಮಾನ, ಯಜಮಾನ್ತಿ, ಹೆಂಗಸು ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು. ಯಜಮಾನ ಬಂದವನೇ ಹರಿಹಾಯ್ದ. ಇಳಿಯುತ್ತಿರುವ ಪ್ರೆಸ್ಸಿನ ಕೆಳಗೆ ಕೈ ತೂರಿಸುವಷ್ಟು ಮೈಮರೆವು ಯಾರಿಗಾದರೂ ಇರುತ್ತದೆಯೇ, ಇವಳನ್ನು ಇಟ್ಟುಕೊಂಡರೆ ನಾಳೆ ಶೆಡ್ಡೇ ಸುಟ್ಟು ಹೋಗುತ್ತದೆ ಎಂದ. ಸಿಡುಕ ಮುಂದೆ ನುಗ್ಗಿದ. ದೊಡ್ಡಮ್ಮ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

"ಇಷ್ಟು ವರ್ಷ ಆ ಪ್ರೆಸ್ಸಿನ ಮುಂದೆ ನಿಂತವಳು ನೀನು," ಎಂದಳು ಹೆಂಗಸಿನ ಕಡೆ ತಿರುಗಿ. "ಕೈ ಯಾಕೆ ಹಾಕಿದೆ?"

"ಒಳಗೆ ಬೆಳಕು ಕಾಣ್ತು. ಇನ್ನೂ ಜೀವ ಇದೆ, ಒತ್ತಬಾರದು ಅಂತ ಈಚೆ ಎಳೆಯೋಕೆ ಹೋದೆ."

"ಎಂಥ ಬೆಳಕು?"

"ಅಂಕಿ. ನಲವತ್ತೊಂದು ಅಂತ ಇತ್ತು."

ಯಜಮಾನ ಪಕ್ಕದ ಮೂಟೆಯ ಮೇಲೆ ಕುಸಿದು ಕೂತ.

"ಆ ಅಂಕಿ ನಿಮಗೆ ಗೊತ್ತು," ಎಂದಳು ದೊಡ್ಡಮ್ಮ. "ಬೀರು ಜಾಲಾಡಿ ಹುಡುಕಿದ್ದು ಸಕ್ಕರೆಯ ಅಂಕಿ ತೋರಿಸೋ ಮಗಳ ಪಂಪನ್ನ. ಎಸೆಯೋ ವಸ್ತುವಿಗೆ ಯಾರೂ ಚಾರ್ಜ್ ಹಾಕಲ್ಲ. ಹಾಕಿದವರು ಅದನ್ನ ಎಸೆಯೋ ವಸ್ತು ಅಂದುಕೊಂಡೇ ಇರಲಿಲ್ಲ. ಹಾಗಾದ್ರೆ ಚಾರ್ಜ್ ಹಾಕಿದವರು ಒಬ್ಬರು, ಎಸೆದವರು ಇನ್ನೊಬ್ಬರು. ವ್ಯಾನು ನಿಂತದ್ದು ಒಂದೇ ಕಡೆ, ಇವನನ್ನ ನೀರಿಗೆ ಒಳಗೆ ಕಳಿಸಿದ್ದೂ ಆವತ್ತೊಂದೇ ದಿನ."

ಯಜಮಾನ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ದನಿ ಏರಲಿಲ್ಲ.

"ಊಟದ ತಟ್ಟೆ ಮುಂದೆಯೂ ಅದನ್ನೇ ಇಟ್ಕೊಂಡು ಕೂರೋರು. ನಾನೊಬ್ಬಳು ಬದುಕಿದ್ದೀನಿ ಅನ್ನೋದೇ ಮರೆತಿದ್ರು. ಕೆಂಪು ಪೆಟ್ಟಿಗೆಗೆ ಹಾಕಿದ್ರೆ ಗುರುತು ಹಿಡೀತಿದ್ರು, ಅದಕ್ಕೇ ವ್ಯಾನಿನ ಮೂಟೆ ಬಿಚ್ಚಿ ಅದರೊಳಗೆ ತುರುಕಿದೆ. ಯಾರ ಕೈ ಸುಡುತ್ತೆ ಅಂತ ಯೋಚಿಸೋಷ್ಟು ತಲೆ ನನಗಿರಲಿಲ್ಲ."

"ಚಾರ್ಜ್ ಇಳಿದ್ರೆ ಅಂಕಿ ಅಳಿಸಿಹೋಗುತ್ತೆ," ಎಂದ ಯಜಮಾನ, ನೆಲಕ್ಕೆ ಹೇಳುವಂತೆ. "ಆ ರಾತ್ರಿ ಅವಳ ಸಕ್ಕರೆ ಅಷ್ಟಕ್ಕೆ ಇಳಿದಿತ್ತು. ಅವಳ ಕೊನೇ ಅಂಕಿ ಅದು."

ಊರಿಗೆಲ್ಲ ಚಾರ್ಜ್ ಇಳಿಸಿ ಕೊಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದವನು ಅವನು. ಬಾರಿಸಬೇಕೆಂದು ಬಂದಿದ್ದ ಸಿಡುಕನ ಮುಷ್ಟಿ ತಾನಾಗಿ ಸಡಿಲಿತು. ಆ ಕೋಪವನ್ನು ಈಗ ಎಲ್ಲಿಡಬೇಕೋ ಅವನಿಗೆ ತಿಳಿಯಲಿಲ್ಲ.

ಹೆಂಗಸು ಯಜಮಾನನ ಕಡೆ ತಿರುಗಿದಳು. "ನಿಮ್ಮ ಮಗೂನ ನೆನೆಸ್ಕೊಂಡ್ರೆ ಕರುಳು ಹಿಂಡುತ್ತೆ, ಯಜಮಾನ್ರೇ. ಆದ್ರೆ ನನ್ನ ಕೈ ಬೆರಳು ಮತ್ತೆ ಚಿಗುರಲ್ಲ."

ಕೆಲಸ ಅವಳದೇ, ಕೈಯ ಚಿಕಿತ್ಸೆ ತನ್ನದು, ತಪ್ಪು ಯಾರದೆಂದು ಎಲ್ಲರ ಮುಂದೆಯೂ ತಾನೇ ಹೇಳುತ್ತೇನೆ ಎಂದ ಯಜಮಾನ. ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ, ಯಾರೂ ಕೇಳಲೂ ಇಲ್ಲ.

ಪಂಪು ಕರಗಿ ಉಳಿದಿದ್ದ ಕರಿ ಮುದ್ದೆಯನ್ನು ದೊಡ್ಡಮ್ಮ ಯಜಮಾನನ ಅಂಗೈಗಿಟ್ಟಳು. ಸುಟ್ಟ ಬ್ಯಾಟರಿಗೆಂದು ಮರಳು ತುಂಬಿಟ್ಟ ಡಬ್ಬ ಬಾಗಿಲ ಬಳಿಯಿತ್ತು. ಅಲ್ಲಿವರೆಗೆ ನಡೆದವನಿಗೆ ಬೆರಳು ಬಿಚ್ಚಲಾಗಲಿಲ್ಲ. ಹೆಂಡತಿ ಬಂದು ಮಣಿಕಟ್ಟು ಹಿಡಿದರು. ಹೆಂಗಸು ಎಡಗೈಯಲ್ಲಿ ಮುಚ್ಚಳ ತೆಗೆದು, ಅವನು ಹಾಕುವವರೆಗೂ ಹಾಗೇ ಹಿಡಿದು ನಿಂತಳು.