ಗಾಡಿ ಪೂರ್ತಿ ಸರಿಹೋದ ಮೇಲೆ

ಅವನ ಪಿಕಪ್ಪಿನ ಎಂಜಿನ್ ಆಫ್ ಮಾಡಿದವಳು ನಾನೇ. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ನಾವು ಹೊಲಿದ, ಹಾಸ್ಟೆಲಿಗೆ ಹೋಗಬೇಕಾದ ಹಾಸಿಗೆಗಳನ್ನು ಒಯ್ಯಲು ಹೊಸ ಡ್ರೈವರ್ ಬಂದಿದ್ದ. ಗಡಗಡ ನಡುಗುವ ಗಾಡಿಯನ್ನು ಹಾಗೇ ಗೇಟಿನ ಮುಂದೆ ಬಿಟ್ಟು, ಅಮ್ಮನ ಹತ್ತಿರ ವಿಳಾಸ ಕೇಳಲು ಒಳಗೆ ಹೋದ. ಪಾಪ, ಡೀಸೆಲ್ ಸುಮ್ಮನೆ ಉರೀತಿದೆಯಲ್ಲ ಎಂದು ನಾನು ಕಿಟಕಿಯೊಳಗೆ ಕೈಹಾಕಿ ಕೀ ತಿರುಗಿಸಿದೆ.

ಸದ್ದು ನಿಂತದ್ದೇ ತಡ, ಮನೆಗೆ ಬೆಂಕಿ ಬಿದ್ದವನಂತೆ ಓಡಿಬಂದ.

"ಆಫ್ ಮಾಡಿದ್ರಾ?"

"ಹೂಂ. ಡೀಸೆಲ್ ಉಳೀಲಿ ಅಂತ."

"ಅಯ್ಯೋ, ಯಾಕ್ರೀ ಮಾಡಿದ್ರಿ!"

"ಥ್ಯಾಂಕ್ಸ್ ಹೇಳೋದು ಬಿಟ್ಟು ರೇಗ್ತೀರಲ್ರೀ?"

"ಥ್ಯಾಂಕ್ಸಾ? ಸೆಲ್ಫ್ ಹೋಗಿದೆ ಕಣ್ರೀ ಇದರದ್ದು. ಆಫ್ ಆದ್ರೆ ಮತ್ತೆ ಸ್ಟಾರ್ಟ್ ಆಗಲ್ಲ. ಇಳಿಜಾರಿದ್ರೆ ಹೆಂಗೋ ಉರುಳಿಸ್ಕೊಂಡು ಸ್ಟಾರ್ಟ್ ಮಾಡ್ತೀನಿ. ನಿಮ್ಮ ಬೀದಿ ನೋಡಿ, ಇಸ್ತ್ರಿ ಮಾಡಿಟ್ಟ ಹಾಗಿದೆ!"

ಎದುರಿನ ಕಟಿಂಗ್ ಶಾಪಿನವರು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನೂ ಕರೆದುಕೊಂಡು ಬಂದರು. ಅಮ್ಮ ಬಂದಳು. ಅವನು ಸ್ಟೇರಿಂಗ್ ಹಿಡಿದು, "ಸ್ವಲ್ಪ ತಳ್ಳಪ್ಪಾ, ಇನ್ನೂ ಸ್ವಲ್ಪ ತಳ್ಳಪ್ಪಾ" ಎನ್ನುತ್ತಲೇ ಇದ್ದ. ಅವತ್ತೇ ಅಮ್ಮ ಅವನಿಗೆ ತಳ್ಳಪ್ಪ ಎಂದು ಹೆಸರಿಟ್ಟಳು.

ನಾನೂ ತಳ್ಳಿದೆ. ತಲೆಯೆತ್ತಿದಾಗ ಪಕ್ಕದ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಮೊದಲು ಸಿಟ್ಟಿತ್ತು. ಗಾಡಿ ಕೆಮ್ಮಿ ಎದ್ದಾಗ ಅದೇ ಕಣ್ಣಲ್ಲಿ ನಗು ಇತ್ತು.

ಅಷ್ಟೇ. ನನ್ನ ಕತೆ ಅಲ್ಲಿಗೇ ಮುಗಿದಿತ್ತು ಅನ್ನಿ.

ಆಮೇಲೆ ನಮ್ಮ ಹಾಸಿಗೆಗಳೆಲ್ಲ ಅವನ ಗಾಡಿಯಲ್ಲೇ ಹೋದವು, ಲೆಕ್ಕ ಒಪ್ಪಿಸಲು ಜೊತೆಗೆ ನಾನೂ. ಹೋದವು ಎಂದರೆ, ಹೋದಷ್ಟು ದೂರ ಹೋದವು. ಒಂದು ವಾರ ರೇಡಿಯೇಟರ್ ಸೋರಿದರೆ ಮರುವಾರ ಕ್ಲಚ್ ಪ್ಲೇಟು. ಅದು ಸರಿಹೋಯಿತು ಎನ್ನುವಷ್ಟರಲ್ಲಿ ಬ್ರೇಕು. ನಮ್ಮಲ್ಲಿಗೆ ಹೊಲಿಗೆಗೆ ಸವೆದ ಗವುಸು ಬರುತ್ತದಲ್ಲ, ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಪರ್ರನೆ ಹರಿಯುವಂಥದ್ದು, ಹಾಗೆ. ಗ್ಯಾರೇಜಿನ ಮೇಸ್ತ್ರಿ ಬಾನೆಟ್ ತೆಗೆಯುವ ಮೊದಲೇ ನಿಟ್ಟುಸಿರು ಬಿಡುತ್ತಿದ್ದರು.

"ಮೊದಲು ಆ ಸೆಲ್ಫ್ ಸರಿಮಾಡಿಸ್ಬಾರ್ದಾ?" ಎಂದು ಕೇಳಿದರೆ ಅವನದು ಒಂದೇ ಉತ್ತರ.

"ಸೆಲ್ಫ್ ಇಲ್ದಿದ್ರೂ ಗಾಡಿ ಓಡುತ್ತೆ. ಬ್ರೇಕ್ ಇಲ್ದೆ ನಿಮ್ಮನ್ನ ಕೂರಿಸ್ಕೊಂಡು ಹೋಗಲಾ?"

ಪ್ರತಿ ಸಲವೂ ಸೆಲ್ಫಿನ ಸರದಿ ಬರುವ ಮೊದಲು ಇನ್ನೊಂದು ಕೆಡುತ್ತಿತ್ತು.

ನಾನು ಕೂರುವ ಕಡೆಯ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಅವನೇ ಇಳಿದು, ಸುತ್ತಿ ಬಂದು, ಹೊರಗಿನಿಂದ ತೆಗೆಯಬೇಕು. "ಮಹಾರಾಣಿಯವರು ಇಳೀಬಹುದು" ಎನ್ನುತ್ತಿದ್ದ. "ಮಹಾರಾಣಿಗೆ ಇಂಥ ರಥ ಕಳಿಸಿದವರ ತಲೆ ತೆಗೀಬೇಕು" ಎನ್ನುತ್ತಿದ್ದೆ. ಆ ಬಾಗಿಲು ಮಾತ್ರ ಎಂದೂ ರಿಪೇರಿಯಾಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಕಷ್ಟವಿದ್ದದ್ದು ಮಾತಿಗೆ. ನಮ್ಮ ಗೇಟಿನ ಮುಂದೆ ಅವನು ಎಂಜಿನ್ ನಿಲ್ಲಿಸುವಂತಿರಲಿಲ್ಲ. ಒಂದು ಲೋಟ ನೀರು ಕುಡಿಯಲೂ ಒಳಗೆ ಬಂದು ಕೂತವನಲ್ಲ. ಏನು ಹೇಳಿದರೂ, ಗಾಡಿಯೊಳಗೆ ಕೂತಾಗಲೂ, ಆ ಗಡಗಡದ ಮೇಲೆ ಕೂಗಿ ಹೇಳಬೇಕು. ಅವನು "ಊಟ ಆಯ್ತಾ?" ಎಂದು ನನ್ನನ್ನು ಕೇಳಿದರೆ ಎದುರಿನ ಅಂಗಡಿಯಿಂದ "ಆಯ್ತಪ್ಪಾ, ನಿಂದು?" ಎಂದು ಉತ್ತರ ಬರುತ್ತಿತ್ತು. ಕೂಗಿ ಹೇಳಬಹುದಾದದ್ದನ್ನೆಲ್ಲ ನಾವು ಹೇಳಿ ಮುಗಿಸಿದ್ದೆವು. ಉಳಿದದ್ದು ಕೂಗಲಾಗದ್ದು.

ಗಾಡಿ ಕೆಟ್ಟು ನಿಂತಾಗ ಸದ್ದಿರುತ್ತಿರಲಿಲ್ಲ, ನಿಜ. ಆದರೆ ಆಗ ಅವನಿಗೆ ನನ್ನ ಮುಖ ನೋಡಲು ಮುಖವೇ ಇರುತ್ತಿರಲಿಲ್ಲ. ಬಾನೆಟ್ಟಿನೊಳಗೆ ತಲೆಯಿಟ್ಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಆಸ್ಪತ್ರೆಯ ಹಾಸಿಗೆಗಳನ್ನು ಹೇರಿಕೊಂಡು ಹೊರಟಿದ್ದೆವು. ಅಮ್ಮನೂ ನಾನೂ ಬೆರಳು ಚುಚ್ಚಿಸಿಕೊಂಡು ಹೊಲಿದವು. ಬಯಲಿನ ನಡುವೆ ಗಾಡಿ ಸುಮ್ಮನಾಯಿತು. ಮೋಡ ಕವಿದಿತ್ತು. ಹಳೇ ಟಾರ್ಪಾಲು ಹೊದಿಸಿ, ಅವನು ಆ ಕಡೆಯಿಂದ ಹಗ್ಗ ಎಸೆದ, ನಾನು ಈ ಕಡೆ ಬಿಗಿದೆ. ನಡುವೆ ಗೋಡೆಯಂತೆ ಹಾಸಿಗೆಗಳು. ಆಗ ಆಚೆಯಿಂದ ಅವನ ದನಿ ಬಂತು.

"ಒಂದ್ಸಲ ಈ ಗಾಡಿ ಪೂರ್ತಿ ಸರಿಹೋಗ್ಲಿ... ಆಮೇಲೆ..."

ಹಗ್ಗ ಹಿಡಿದ ಕೈ ಹಾಗೇ ನಿಂತಿತು. "ಆಮೇಲೆ?"

"ಆಮೇಲೆ ನೋಡೋಣ."

ಅಷ್ಟರಲ್ಲಿ ಮಳೆ ಬಂತು. ಟಾರ್ಪಾಲು ಎಲ್ಲಿ ಹರಿದಿತ್ತೋ, ಹತ್ತಿ ನೀರು ಕುಡಿದು ಕಲ್ಲಾಯಿತು. ಹೇಗೋ ತಲುಪಿದರೆ, ಆಸ್ಪತ್ರೆಯವರು ಒದ್ದೆ ಹಾಸಿಗೆ ನೋಡಿ ಬೇಡವೆಂದು ಕೈಯಾಡಿಸಿಬಿಟ್ಟರು. ವಾಪಸು ಬಂದಾಗ ಅವನು ಗೇಟಿನ ಹೊರಗೇ ನಿಂತ, ಮೈಯೆಲ್ಲ ತೊಯ್ದು.

"ನನ್ನನ್ನ ನಂಬಿದ್ದಕ್ಕೆ ಹೀಗಾಯ್ತು ಅಮ್ಮಾ."

"ಹತ್ತಿ ತಾನೇ, ಒಣಗುತ್ತೆ ಬಿಡಪ್ಪಾ" ಎಂದಳು ಅಮ್ಮ.

ಹತ್ತಿ ಒಣಗಿತು. ಅವನು ಒಣಗಲಿಲ್ಲ. ಅಂದಿನಿಂದ ಕನ್ನಡಿಯಲ್ಲಿ ನನ್ನನ್ನು ನೋಡುವುದನ್ನೇ ಬಿಟ್ಟ. ಬಾಗಿಲು ತೆಗೆಯುತ್ತಿದ್ದ, ಮಹಾರಾಣಿ ಎನ್ನುತ್ತಿರಲಿಲ್ಲ. ರಿಪೇರಿ, ರಿಪೇರಿ, ರಿಪೇರಿ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಬಿದ್ದು ಸಾಯುತ್ತಿದ್ದ. ನಾನು ಗೇಟಿನ ಕಂಬಿ ಹಿಡಿದು ನಿಂತು ಅವನ ಗಾಡಿಯ ಸದ್ದು ದೂರವಾಗುವುದನ್ನು ಕೇಳುತ್ತಿದ್ದೆ. ಎದೆಯೊಳಗೆ ಯಾರೋ ದೊಡ್ಡ ಸೂಜಿಯಿಂದ ಹೊಲಿಗೆ ಹಾಕಿ, ದಾರ ಎಳೆಯದೆ ಬಿಟ್ಟುಹೋದಂತಿತ್ತು.

"ಅವನು ಬಾಯಿ ಬಿಡೋವರೆಗೂ ಕಾಯೋಕೆ ನೀನೇನು ಬಸ್‌ಸ್ಟಾಪಾ?" ಎಂದಳು ಅಮ್ಮ.

ಬೇರೆ ಊರಲ್ಲಿದ್ದ ಚಿಕ್ಕಮ್ಮ ಬಹಳ ದಿನದಿಂದ ಕರೆಯುತ್ತಿದ್ದಳು. ಅವಳ ಅಂಗಡಿಯಲ್ಲಿ ಹೊಲಿಗೆ ನೋಡಿಕೊಳ್ಳಲು ಮನೆಯವರೇ ಬೇಕಂತೆ, ಹೋದರೆ ಅಲ್ಲೇ ಇರಬೇಕಂತೆ. ಆಗಲಿ ಎಂದುಬಿಟ್ಟೆ. ಹೋಗುವ ಮನಸ್ಸಿತ್ತೇ? ಎಲ್ಲಿತ್ತು! ಅವನು ‘ಹೋಗಬೇಡಿ’ ಎನ್ನಲಿ ಎಂದು ಒಪ್ಪಿಕೊಂಡದ್ದು. ವಿಷಯವನ್ನು ಅವನಿಗೆ ಗೇಟಿನಿಂದಲೇ ಕೂಗಿ ಹೇಳಿದೆ.

"ಹೋಗೋ ದಿನ ಹೇಳಿ," ಅವನೂ ಕೂಗಿದ. "ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ."

ಕಟಿಂಗ್ ಶಾಪಿನವರು ಕತ್ತರಿ ಆಡಿಸುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡರು.

ಆ ದಿನವೂ ಬಂತು. ಹಿಂದೆ ನನ್ನ ಹೊಲಿಗೆ ಮೆಷಿನ್ನು, ಟ್ರಂಕು. ಮುಂದೆ ನಾವಿಬ್ಬರು. ಅಮ್ಮ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. "ದಾರೀಲಿ ತಳ್ಳೋ ಶಕ್ತಿ ನನಗಿಲ್ಲ" ಎಂದು ನೆಪ ಹೇಳಿ ಕಣ್ಣೊರೆಸಿಕೊಂಡಳು.

ನನಗಿದ್ದದ್ದು ಒಂದೇ ಆಸೆ, ಗಾಡಿ ಕೆಡಲಿ. ಯಾವತ್ತೂ ಕೆಡುವುದು ತಾನೇ, ಇವತ್ತೊಂದು ದಿನ ಕೆಡಲಿ. ಬಸ್ಸು ತಪ್ಪಲಿ. ಕ್ಲಚ್ಚೋ, ರೇಡಿಯೇಟರೋ, ಟಯರಾದರೂ ಸರಿ. ಹೊಂಡ ಬಂದಾಗಲೆಲ್ಲ ಕಣ್ಣು ಮುಚ್ಚಿ ಕಾದೆ. ಗಾಡಿ ಹೊಂಡ ಹಾರಿ ಮುಂದೆ ಹೋಯಿತು.

ದೊಡ್ಡ ಏರು ಬಂತು. ಪ್ರತಿ ಸಲವೂ ಹೊಗೆಯುಗುಳಿ ನಿಲ್ಲುತ್ತಿದ್ದ ಜಾಗ. ನೋಡಿದರೆ ಅವನೂ ಸ್ಟೇರಿಂಗಿನ ಮೇಲೆ ಬಾಗಿ, ಉಸಿರು ಬಿಗಿಹಿಡಿದು ಬಾನೆಟ್ಟನ್ನೇ ದಿಟ್ಟಿಸುತ್ತಿದ್ದ. ಆ ಹಾಳು ಗಾಡಿ ಒಂದು ಸಲವೂ ಕೆಮ್ಮದೆ, ಬೆಣ್ಣೆಯ ಮೇಲೆ ಜಾರಿದಂತೆ ಏರು ಹತ್ತಿಬಿಟ್ಟಿತು.

"ಇವತ್ತು ಚೆನ್ನಾಗಿ ಓಡ್ತಿದೆ" ಎಂದೆ. ದನಿ ನನಗೇ ಅಳುವಿನಂತೆ ಕೇಳಿತು.

"ಹೂಂ. ಯಾವತ್ತೂ ಇಲ್ಲದ್ದು." ಹಲ್ಲು ಕಚ್ಚಿ ಹೇಳಿದ. ಹಿಂದಿದ್ದ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಇವನು ಇನ್ನೂ ನಿಧಾನ ಮಾಡಿದ.

ಎಷ್ಟು ನಿಧಾನ ಮಾಡಿದರೂ ಬಸ್‌ಸ್ಟ್ಯಾಂಡ್ ಬಂತು. ನಮ್ಮ ಬೀದಿಗಿಂತಲೂ ಸಪಾಟಾದ, ದೊಡ್ಡ ಸಿಮೆಂಟಿನ ಅಂಗಳ. ಗಾಡಿ ನಿಲ್ಲಿಸಿದ, ಎಂಜಿನ್ ನಿಲ್ಲಿಸಲಿಲ್ಲ. ಇಳಿದು ಸುತ್ತಿ ಬಂದು ನನ್ನ ಬಾಗಿಲಿನ ಹಿಡಿ ಹಿಡಿದ. ಹಿಡಿದೇ ನಿಂತ. ಕಿಟಕಿಯ ಗಾಜಿನಾಚೆ ಅವನ ಕೈ, ಉಗುರುಗಳ ಅಂಚಿನಲ್ಲಿ ಎಂದೂ ಹೋಗದ ಗ್ರೀಸು. ತೆಗೆಯಬೇಡ, ತೆಗೆಯಬೇಡ ಎಂದುಕೊಂಡೆ.

ತೆಗೆದ.

ಮೆಷಿನ್ನನ್ನೂ ಟ್ರಂಕನ್ನೂ ಬಸ್ಸಿಗೆ ಹತ್ತಿಸಿದ. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನ ಗಾಡಿಯ ಗಡಗಡದ ಮೇಲೆ ಕೂಗಿದೆ, "ಹೋಗಿಬರ್ತೀನಿ!" ಅವನು ತಲೆಯಾಡಿಸಿದ. ತಿರುಗಿ ಗಾಡಿಯ ಕಡೆ ನಡೆದ. ನನಗೆ ಮುಂದಿನದೆಲ್ಲ ಮಸುಕಾಯಿತು. ಕಣ್ಣೀರು ಒರೆಸಿಕೊಂಡು ಒಳಗೆ ಕಾಲಿಟ್ಟೆ.

ಆಗ ಸದ್ದು ನಿಂತಿತು.

ಆ ಗಡಗಡದ ಹಿಂದೆ ಇಷ್ಟೊಂದು ಸಣ್ಣ ಸದ್ದುಗಳು ಅಡಗಿದ್ದವೆಂದು ನನಗೆ ಗೊತ್ತೇ ಇರಲಿಲ್ಲ. ಯಾರದೋ ಚಪ್ಪಲಿ, ಪಾರಿವಾಳದ ರೆಕ್ಕೆ, ನನ್ನದೇ ಉಸಿರು. ಬಸ್ಸಿನಿಂದ ಜಿಗಿದೆ.

"ಕೆಟ್ಟೋಯ್ತಾ?"

"ಇಲ್ಲ." ಅಂಗೈ ಬಿಚ್ಚಿದ. ಅದರೊಳಗೆ ಕೀ ಇತ್ತು. "ನಾನೇ ಆಫ್ ಮಾಡ್ದೆ."

"ಇಲ್ಲಿ? ಪೂರ್ತಿ ಸಪಾಟಿದೆಯಲ್ರೀ!"

"ಗೊತ್ತು." ಅವನು ಕೂಗಲಿಲ್ಲ. ಅವನ ದನಿ ಇಷ್ಟು ಮೆತ್ತಗಿದೆ ಎಂದು ನನಗೆ ಅವತ್ತೇ ತಿಳಿದದ್ದು. "ಗಾಡಿ ಪೂರ್ತಿ ಸರಿಹೋದ ಮೇಲೆ ಕೇಳೋಣ ಅಂತಿದ್ದೆ. ದಾರೀಲಿ ಕೈಕೊಡೋ ಗಾಡಿ ಇಟ್ಕೊಂಡು, ನನ್ನ ನಂಬಿ ಬಾ ಅಂತ ಯಾವ ಬಾಯಲ್ಲಿ ಹೇಳ್ಲಿ? ಒಂದು ಸರಿಮಾಡಿದ್ರೆ ಇನ್ನೊಂದು. ಇವತ್ತು ಏರು ಹತ್ತಿದಾಗ ಗೊತ್ತಾಯ್ತು. ಇದು ಚೆನ್ನಾಗಿ ಓಡಿದ ದಿನವೂ ನನಗೆ ಬಾಯಿ ಬರಲಿಲ್ಲ. ಹಾಳಾಗಿರೋದು ಬರೀ ಗಾಡಿ ಅಲ್ಲ. ಇದು ಯಾವತ್ತೂ ಪೂರ್ತಿ ಸರಿಹೋಗಲ್ಲ. ನಾನೂ ಅಷ್ಟೇ. ಹಿಂಗೇ ಬರ್ತೀಯಾ?"

ಅಲ್ಲಿಯವರೆಗೂ ‘ನೀವು’ ಎನ್ನುತ್ತಿದ್ದವನು.

"ಮೇಡಂ, ಹತ್ತುತ್ತೀರೋ ಇಲ್ವೋ?" ಕಂಡಕ್ಟರು ಬಾಗಿಲು ಬಡಿದರು.

"ಅಣ್ಣಾ, ಸ್ವಲ್ಪ ನಿಲ್ಲಿ. ನನ್ನ ಮೆಷಿನ್ನು ಇಳಿಸ್ಬೇಕು."

"ಇಳಿಸೋದಿದ್ರೆ ಹತ್ತಿಸಿದ್ದು ಯಾಕಮ್ಮಾ?"

"ಅದನ್ನ ಇವನನ್ನ ಕೇಳಿ."

ಬಸ್ಸು ಹೊರಟುಹೋಯಿತು. ಅಂಗಳದಲ್ಲಿ ಮೆಷಿನ್ನು, ಟ್ರಂಕು, ಸತ್ತಂತೆ ನಿಂತ ಪಿಕಪ್ಪು. ಇಬ್ಬರೂ ಅದನ್ನು ನೋಡಿದೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿದೆವು. ಅವನ ಕಣ್ಣು ತುಂಬಿತ್ತು, ಆದರೂ ನಗು ತಡೆಯಲಾಗುತ್ತಿರಲಿಲ್ಲ.

"ಈಗ ಇದನ್ನ ಯಾರು ತಳ್ಳೋದು?" ಎಂದೆ.

"ಆಫ್ ಮಾಡೋದು ಮೊದಲು ಕಲಿಸಿದ್ದು ನೀನೇ ತಾನೇ. ತಳ್ಳು."

ಸಾಮಾನು ಮತ್ತೆ ಹೇರಿಕೊಂಡು, ತೋಳು ಮೇಲಕ್ಕೆ ಮಡಚಿಕೊಂಡು, ಹಿಂದಿನ ಹಲಗೆಗೆ ಹೆಗಲು ಕೊಟ್ಟೆ. ಅವನು ತೆರೆದ ಬಾಗಿಲ ಪಕ್ಕ ನಡೆಯುತ್ತ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ತಾನೂ ತಳ್ಳುತ್ತಿದ್ದ. ಗಾಡಿ ಅಳ್ಳಾಡಿತು, ಉರುಳಿತು, ಏಳಲಿಲ್ಲ. ಮತ್ತೆ ತಳ್ಳಿದೆವು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು.

"ಹತ್ತಿದ್ಯೇನೇ ಬಸ್ಸು?" ಚಿಕ್ಕಮ್ಮ. "ಏನೇ ಹಂಗೆ ಏದುಸಿರು ಬಿಡ್ತಿದ್ದೀಯಾ?"

"ಗಾಡಿ ತಳ್ತಿದ್ದೀನಿ ಚಿಕ್ಕಮ್ಮಾ."

"ಅಯ್ಯೋ, ಹೊರಟ ತಕ್ಷಣ ಕೆಟ್ಟಿತಾ ಬಸ್ಸು?"

"ಬಸ್ಸಲ್ಲ. ಪಿಕಪ್ಪು."

"ಪಿಕಪ್ಪಾ? ಯಾರದ್ದೇ ಪಿಕಪ್ಪು?"

ಕನ್ನಡಿಯಲ್ಲಿ ಅವನ ಕಣ್ಣು ನನ್ನನ್ನೇ ನೋಡುತ್ತಿತ್ತು. ಈ ಸಲ ತಿರುಗಿಸಿಕೊಳ್ಳಲಿಲ್ಲ.

"ನಮ್ಮದು" ಎಂದೆ.