ಊಟಕ್ಕೆ ಕರೆದ ದನಿ

ಬಾರಿನ ಮೆಟ್ಟಿಲ ಮೇಲೆ ಫಕೀರೇಶ ಒಂದು ಕಾಲಿಟ್ಟಿದ್ದ. ಬಲಗಿವಿಯ ಹಿಂದೆ, ಚರ್ಮದೊಳಗಿದ್ದ ಮರುಕರೆ ಆಗ ಕೆಲಸ ಮಾಡಿತು. ‘ರೀ, ಊಟಕ್ಕ ಬರ್ರಿ’ ಎಂಬ ಹೆಂಡತಿಯ ದನಿ ಅವನೊಬ್ಬನಿಗೆ ಕೇಳಿಸಿತು. ಅವನು ಕಾಲು ಹಿಂದಕ್ಕೆ ತೆಗೆದು ಮನೆಯ ಕಡೆ ನಡೆದ.

ಮರುಕರೆ ಅಕ್ಕಿಕಾಳಿನಷ್ಟು ದೊಡ್ಡ ಯಂತ್ರ. ಕುಡಿಯಬೇಕೆಂಬ ತುಡಿತ ಎದ್ದಾಗ ಮಿದುಳಿನ ವಿದ್ಯುತ್ ಅಲೆಗಳಲ್ಲಿ ಒಂದು ಏರಿಕೆ ಕಾಣುತ್ತದೆ. ಮನುಷ್ಯನಿಗೆ ಅದು ತಿಳಿಯುವ ಮೊದಲೇ ಯಂತ್ರಕ್ಕೆ ತಿಳಿಯುತ್ತದೆ. ಆ ಕ್ಷಣದಲ್ಲಿ ಆಪ್ತರ ದನಿ ಕೇಳಿಸಿದರೆ ಅಲೆ ಇಳಿಯುತ್ತದೆಂದು ಹುಬ್ಬಳ್ಳಿಯ ಡಾಕ್ಟರ್ ಸರಳಾ ನಾಗನೂರ ಆರು ವರ್ಷ ದುಡಿದು ತೋರಿಸಿದ್ದರು.

ದನಿಯನ್ನು ತುಂಬಿಸುವ ದಿನ ಅವರು ಫಕೀರೇಶನ ಹೆಂಡತಿ ಕಸ್ತೂರಿಗೆ ಹೇಳಿದ್ದರು, “ಯಜಮಾನರನ್ನ ಹೆಸರು ಹಿಡಿದು ಕರೀರಿ. ಮನ್ಯಾಗ ದಿನಾ ಆಡೋ ಮಾತು ಬ್ಯಾಡ.”

ಹೊಸ ಮಾತನ್ನು ಮಿದುಳು ಬೇಗ ಗಮನಿಸುತ್ತದೆ ಎಂಬುದಷ್ಟೇ ಆ ನಿಯಮಕ್ಕೆ ಕಾರಣವಾಗಿತ್ತು. ಕಸ್ತೂರಿ ನೆಲ ನೋಡಿದಳು. ಗಂಡನ ಹೆಸರನ್ನು ಅವಳು ಹೇಳಿದ್ದು ಮದುವೆಯಲ್ಲಿ ಒಮ್ಮೆ. ಅದೂ ಹೆಂಗಸರ ಕಾಟಕ್ಕೆ, ಒಡಪಿನ ಪದ್ಯದೊಳಗೆ ಮರೆಸಿ.

“ಬಾಯಿ ಬರೂದಿಲ್ರೀ ಡಾಕ್ಟ್ರ.”

“ಒಡಪು ಹಾಕಿ ಹೇಳಲಿ ಬಿಡ್ರಿ,” ಎಂದ ಫಕೀರೇಶ. “ಪದ್ಯ ಮುಗಿಯೂದ್ರಾಗ ನಾ ಎರಡನೇ ಗ್ಲಾಸ್‌ನಾಗ ಇರ್ತೇನಿ.”

ಡಾಕ್ಟರೂ ನಕ್ಕರು. ಹೊರಗೆ ಹನ್ನೊಂದು ಜನ ಕಾದಿದ್ದರು. “ಆತು, ನಿಮಗ ರೂಢಿ ಇದ್ದಂಗ ಕರೀರಿ,” ಎಂದರು.

ಏಳು ತಿಂಗಳು ಚೆನ್ನಾಗಿ ನಡೆಯಿತು. ಮೊದಲೆಲ್ಲ ಫಕೀರೇಶ ಬಸ್ ಡಿಪೋದ ಕೆಲಸ ಮುಗಿಸಿ ಬಂದ ಕೂಡಲೇ ಆರು ವರ್ಷದ ಚಂಪಾ ತಂದೆಯ ಮುಖದ ಹತ್ತಿರ ಹೋಗಿ ಮೂಸಿ, ಒಳಗೆ ಓಡಿ ತಾಯಿಗೆ ಸುದ್ದಿ ಕೊಡುತ್ತಿದ್ದಳು. ಈಗ ಆ ಅಭ್ಯಾಸ ಅವಳಿಗೆ ಮರೆತುಹೋಗಿತ್ತು.

ಎಂಟನೆಯ ತಿಂಗಳ ಒಂದು ಭಾನುವಾರ ಕಸ್ತೂರಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಕರೆದಳು, “ರೀ, ಊಟಕ್ಕ ಬರ್ರಿ.”

ಫಕೀರೇಶ ಓದುತ್ತಿದ್ದ ಪೇಪರ್ ಮಡಚಿಟ್ಟ. ಬಾಯಲ್ಲಿ ನೀರೂರಿತು. ಅದು ರೊಟ್ಟಿಗಲ್ಲ.

“ಒಂದೀಟು ಹೊರಗ ಹೋಗಿ ಬರ್ತೇನಿ,” ಎಂದು ಎದ್ದುಹೋದವನು ಸಂಜೆಗೆ ಬಂದ. ಚಂಪಾ ಅವನ ಹತ್ತಿರ ಹೋಗಿ, ತಿರುಗಿ ಬಂದಳು.

“ಅವ್ವಾ, ವಾಸನಿ.”

ಅಂದಿನಿಂದ ಕಸ್ತೂರಿ ಹೆಚ್ಚು ಕರೆದಳು. ಯಂತ್ರದ ಕರೆ ಸಾಲುತ್ತಿಲ್ಲ, ತಾನೂ ಕರೆಯಬೇಕು ಎಂದುಕೊಂಡಳು. ಡಿಪೋಗೆ ಫೋನ್ ಮಾಡಿ ಕರೆದಳು, ಬೀದಿಯ ತಿರುವಿನಲ್ಲಿ ನಿಂತು ಕರೆದಳು.

“ನೀ ಕರದ್ರ ಆಗೂದಿಲ್ಲ ನನಗ,” ಎಂದು ಅವನು ಒಮ್ಮೆ ಅತ್ತ. “ಯಾಕಂತ ಗೊತ್ತಿಲ್ಲ.”

ತನ್ನ ಮೇಲೆ ಬೇಸರ ಬಂದಿದೆ ಎಂದು ಅವಳು ತಿಳಿದಳು. ಮುಂದಿನ ಬೇಸಿಗೆಯಲ್ಲಿ ಫಕೀರೇಶ ತೀರಿಕೊಂಡ. ಯಕೃತ್ತಿನಲ್ಲಿ ಏನೂ ಉಳಿದಿರಲಿಲ್ಲ.

ಶವದಿಂದ ತೆಗೆದ ಯಂತ್ರವನ್ನು ಕಸ್ತೂರಿ ಹಿಂದಿರುಗಿಸಲು ಹೋದಾಗ ಡಾಕ್ಟರ್ ನಾಗನೂರ ಅದರ ದಾಖಲೆಯನ್ನು ಪರದೆಯ ಮೇಲೆ ತೆರೆದಿದ್ದರು. ಒಂದು ಗೆರೆಯ ಮೇಲೆ ಬೆರಳಿಟ್ಟರು.

“ತುಡಿತ, ನಿಮ್ಮ ಕರೆ ಎರಡೂ ಒಂಬೈನೂರು ಸಲ ಕೂಡೇ ಬಂದಾವ. ಮಿದುಳು ಎರಡನ್ನೂ ಒಂದಕ್ಕೊಂದು ಕಟ್ಟಿಬಿಟ್ಟದ. ಆಮ್ಯಾಲೆ ಆ ಕರೆ ಕೇಳಿದ ಕೂಡ್ಲೇ ತುಡಿತ ಏಳಲಿಕ್ಕೆ ಶುರುವಾತು.”

“ನಾ ಊಟಕ್ಕ ಕರದಾಗ?”

“ಹೌದು.”

“ಹೆಸರು ಹಿಡದು ಕರದಿದ್ರ?”

“ತುಡಿತ ಆ ಹೆಸರಿಗೆ ಅಂಟಿಕೊಂಡಿರ್ತಿತ್ತು. ಮನ್ಯಾಗ ನೀವು ಹೆಸರು ಕರೀತಿರ್ಲಿಲ್ಲ.” ಡಾಕ್ಟರ್ ಕನ್ನಡಕ ತೆಗೆದರು. “ತಪ್ಪು ನಂದು. ಹೆಸರೇ ಬೇಕಂತ ಹಟ ಹಿಡೀಬೇಕಿತ್ತು. ಆ ದಿನ ನಕ್ಕುಬಿಟ್ಟೆ.”

ಕಸ್ತೂರಿಯೂ ಆ ದಿನ ನಕ್ಕಿದ್ದಳು.

ಕಡತ ಮುಚ್ಚುವ ಕೆಲಸವೊಂದು ಉಳಿದಿತ್ತು. ಯಂತ್ರಕ್ಕೆ ದನಿ ಕೊಟ್ಟವರೇ ರೋಗಿಯ ಹೆಸರನ್ನು ಹೇಳಬೇಕೆಂಬುದು ಸಂಸ್ಥೆಯ ಕ್ರಮ. ಡಾಕ್ಟರ್ ಸಂಕೋಚದಿಂದ ಮೈಕನ್ನು ಅವಳ ಮುಂದೆ ಸರಿಸಿದರು.

“ಫಕೀರೇಶ,” ಎಂದಳು ಕಸ್ತೂರಿ.

ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ ಎಂದಿತು ಪರದೆ.

ಅವಳು ಮತ್ತೊಮ್ಮೆ ಹೇಳಿದಳು. ಈ ಸಲ ತುಸು ಗಟ್ಟಿಯಾಗಿ, ಪಕ್ಕದ ಕೋಣೆಯಲ್ಲಿದ್ದವರನ್ನು ಊಟಕ್ಕೆ ಕರೆಯುವಂತೆ.